ಪುಟ್ಟಿ ಅಪ್ಪನಿಗೆ, ಜೈಲು, ಮೈಸೂರು

ನಮ್ಮ ಮನೆಗೆ ಬರುವ ಯಾವ ಪುಸ್ತಕಕ್ಕೂ ಈಗ ಪಿನ್ನು ಉಳಿಯುವುದಿಲ್ಲ. ವಾರಪತ್ರಿಕೆ ಕೈಗೆ ಬಂದರೆ ಸಾಕು, ಮುಖಪುಟದಲ್ಲಿ ಯಾರಿದ್ದಾರೆಂದು ನೋಡುವ ಮೊದಲೇ ನನ್ನ ಹೆಬ್ಬೆರಳಿನ ಉಗುರು ನಡುಹಾಳೆಗೆ ಹೋಗಿ, ಅಲ್ಲಿ ಕಾಲು ಮಡಿಸಿ ಮಲಗಿರುವ ಎರಡು ಪಿನ್ನುಗಳನ್ನು ಎಬ್ಬಿಸಿ ಎಳೆದು ಹಾಕಿಬಿಡುತ್ತದೆ. ಆಮೇಲೆ ಪುಸ್ತಕದ ಬೆನ್ನಿಗೆ ಮೈದಾ ಅಂಟು ಬಳಿದು, ಮೇಲೆ ಗುಂಡುಕಲ್ಲು ಹೇರಿ ಒಣಗಿಸುತ್ತೇನೆ. ಅಂಟು ಒಣಗುವ ತನಕ ಕಾಯುವ ತಾಳ್ಮೆ ನಮ್ಮ ಯಜಮಾನರಿಗಿಲ್ಲ. ವಾರಭವಿಷ್ಯ ನೋಡೋಣವೆಂದು ಎತ್ತಿಕೊಂಡರೆ ಅವರ ರಾಶಿ ಕೈಯಲ್ಲಿ, ಮಿಕ್ಕ ರಾಶಿಗಳೆಲ್ಲ ನೆಲದ ಮೇಲೆ. ಮೊನ್ನೆ ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದವಳು, ಮಾತಾಡುತ್ತ ಮಾತಾಡುತ್ತ ಅವರ ಹೊಸ ಪಂಚಾಂಗದ ಪಿನ್ನುಗಳನ್ನು ಕಿತ್ತು ತಾಂಬೂಲದ ತಟ್ಟೆಯಲ್ಲಿ ಇಟ್ಟು ಬಂದೆ. ಅವರು ಅದನ್ನು ಮಾಟ ಎಂದುಕೊಳ್ಳದೆ ಇದ್ದದ್ದು ನನ್ನ ಪುಣ್ಯ.

ಈ ಚಟ ನನಗೆ ಹತ್ತಿದ್ದು ಜೈಲಿನಿಂದ. ಗಾಬರಿಯಾಗಬೇಡಿ, ನಾನು ಒಳಗೆ ಇದ್ದು ಬಂದವಳಲ್ಲ. ನ್ಯಾಯವಾಗಿ ನೋಡಿದರೆ ಇರಬೇಕಾಗಿದ್ದವಳೇ. ಕ್ಯಾತನಹಳ್ಳಿಯಿಂದ ಎರಡು ಮೈಲಿ ಒಳಕ್ಕಿರುವ ನಮ್ಮೂರಿನಲ್ಲಿ ಮೂವತ್ತೆರಡು ವರ್ಷ ಅಂಚೆ ಕಚೇರಿ ನಡೆಸಿದವಳು ನಾನು. ಕಚೇರಿ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ, ನಮ್ಮ ಮನೆಯ ಜಗಲಿಯೇ. ಒಂದು ಮೇಜು, ಒಂದು ತಕ್ಕಡಿ, ಒಂದು ಮೊಹರು, ಗೋಡೆಗೆ ತೂಗುಹಾಕಿದ ಕೆಂಪು ಡಬ್ಬಿ. ಊರಿನವರು ನನ್ನನ್ನು ಪೋಸ್ಟಕ್ಕ ಎನ್ನುತ್ತಾರೆ; ನನಗೊಂದು ಹೆಸರಿದೆ ಎನ್ನುವುದು ಅರ್ಧ ಊರಿಗೆ ಮರೆತೇಹೋಗಿದೆ. ಆ ಮೂವತ್ತೆರಡು ವರ್ಷದಲ್ಲಿ ನಾನು ಓದದ ಪೋಸ್ಟ್ ಕಾರ್ಡು ನಮ್ಮೂರಿಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಕಾರ್ಡು ಎಂದರೆ ಬಾಗಿಲು ತೆರೆದಿಟ್ಟ ಮನೆ, ಹಾದಿಯಲ್ಲಿ ಹೋಗುವವರು ಇಣುಕಿದರೆ ತಪ್ಪೇನು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಗಂಡಿನ ಕಡೆಯವರು ಒಪ್ಪಿದ್ದು ಹೆಣ್ಣಿನ ಅಪ್ಪನಿಗಿಂತ ಮೊದಲು ನನಗೆ ಗೊತ್ತಿರುತ್ತಿತ್ತು. ಅವರು ಓಡಿಬಂದು ಸುದ್ದಿ ಹೇಳಿದಾಗ 'ಹೌದಾ!' ಎಂದು ಬಾಯಿ ಬಿಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಕಾಗದದ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದು. ನಮ್ಮ ತಾತ ಬಂದ ಕಾಗದಗಳನ್ನೆಲ್ಲ ಒಂದು ಕೊಕ್ಕೆ ತಂತಿಗೆ ಚುಚ್ಚಿ ನಡುಮನೆಯ ಕಂಬಕ್ಕೆ ನೇತುಹಾಕುತ್ತಿದ್ದರು. ಮೂಲೆಗೆ ಅರಿಶಿನ ಹಚ್ಚಿದವು ಮದುವೆ, ನಾಮಕರಣದ ಸುದ್ದಿಯವು. ಸಾವಿನ ಸುದ್ದಿಯ ಕಾಗದ ಮಾತ್ರ ಆ ತಂತಿಗೆ ಬರುತ್ತಿರಲಿಲ್ಲ; ಓದಿದ ಕೂಡಲೇ ಹರಿದು ಹೊರಗೆ ಹಾಕಿ ಕಾಲು ತೊಳೆದುಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ಮನೆಯ ತಂತಿಯ ಪ್ರಕಾರ ನಮ್ಮ ವಂಶದಲ್ಲಿ ಯಾರೂ ಸತ್ತೇ ಇಲ್ಲ. ರಜಾದಿನಗಳಲ್ಲಿ ನಾನು ಆ ಕಂಬದ ಕೆಳಗೆ ಕೂತು, ತಂತಿಯ ತುದಿಯಿಂದ ಬುಡದವರೆಗೆ ಒಂದೊಂದೇ ಓದುತ್ತಿದ್ದೆ. ಕೊಕ್ಕೆ ಚುಚ್ಚಿದ ಕಡೆ ಅಕ್ಷರ ಹಾರಿಹೋಗಿರುತ್ತಿದ್ದವು, ಅಲ್ಲಿ ನಾನೇ ಏನಾದರೂ ತುಂಬಿಸಿಕೊಳ್ಳುತ್ತಿದ್ದೆ.

ಅಂಥ ನನ್ನ ಕಣ್ಣೆದುರಿಗೇ ಕಾಗದಗಳು ಒಂದೊಂದಾಗಿ ನಿಂತವು. ಮೊದಲು ಕಾರ್ಡು, ಆಮೇಲೆ ಇನ್ ಲ್ಯಾಂಡು. ಕೊನೆಕೊನೆಗೆ ಬ್ಯಾಂಕಿನ ನೋಟೀಸು, ವಿಮೆಯ ಕವರು, ಇಷ್ಟೇ. ಕೈಬರಹ ಎನ್ನುವುದು ಪಾರ್ಸೆಲ್ ಮೇಲಿನ ವಿಳಾಸದಲ್ಲೂ ಕಾಣದಂತಾಯಿತು. ನಿವೃತ್ತಳಾಗುವ ದಿನ ಮೊಹರನ್ನು ಒರೆಸಿಟ್ಟು, ಇಲ್ಲಿಗೆ ಕಾಗದದ ತಿಥಿಯೂ ಮುಗಿಯಿತು ಎಂದುಕೊಂಡೆ. ನಾನು ಎಷ್ಟು ದಡ್ಡಿ ಎನ್ನುವುದು ಗೊತ್ತಾಗಲು ರತ್ನಮ್ಮ ಬರಬೇಕಾಯಿತು.

ರತ್ನಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು. ಅವಳ ಗಂಡ ಬೋರೇಗೌಡ ಕಬ್ಬು, ಭತ್ತ ಬೆಳೆದುಕೊಂಡು, ಎರಡು ಹಸು ಕಟ್ಟಿಕೊಂಡು, ಯಾರ ತಂಟೆಗೂ ಹೋಗದೆ ಇದ್ದವನು. ತಂಟೆಗೆ ಹೋದದ್ದು ಒಂದೇ ಒಂದು ದಿನ. ನಮ್ಮಲ್ಲಿ ನಾಲೆಯ ನೀರು ಗದ್ದೆಗೆ ಸರದಿಯ ಪ್ರಕಾರ ಬರುತ್ತದೆ. ಬೋರೇಗೌಡನ ಗದ್ದೆ ಮೇಲೆ, ನಂಜೇಗೌಡನದು ಕೆಳಗೆ, ಇಬ್ಬರಿಗೂ ಒಂದೇ ಕಾಲುವೆ. ಒಂದು ಬೇಸಿಗೆಯ ಮಧ್ಯಾಹ್ನ, ಮೇಲಿನವನ ಸರದಿ ಮುಗಿಯಿತೋ ಇನ್ನೂ ಇದೆಯೋ ಎನ್ನುವ ಮಾತಿಗೆ ಜಗಳ ಹತ್ತಿತು. ನಂಜೇಗೌಡ ನೀರಿಗೆ ಅಡ್ಡ ಕಟ್ಟಿದ್ದ ಮಣ್ಣಿನ ಮಡೆ ಒಡೆದು ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಬೋರೇಗೌಡ ಕೈಯಲ್ಲಿದ್ದ ಸನಿಕೆಯಿಂದ ಅವನ ತಲೆಗೆ ಹೊಡೆದ. ಒಂದೇ ಏಟು. ಹೊಡೆದವನೇ ಗಾಡಿ ಕರೆಸಿ ಅವನನ್ನು ಆಸ್ಪತ್ರೆಗೆ ಕಳಿಸಿ, ತಾನು ಕೆಸರುಗಾಲಿನಲ್ಲೇ ಪಾಂಡವಪುರದವರೆಗೆ ನಡೆದು ಹೋಗಿ ಪೊಲೀಸ್ ಠಾಣೆಯಲ್ಲಿ ಕೂತ. ಮೂರನೆಯ ದಿನ ನಂಜೇಗೌಡ ತೀರಿಕೊಂಡ. ಬೋರೇಗೌಡನಿಗೆ ಜೀವಾವಧಿ ಆಯಿತು.

ನಂಜೇಗೌಡನ ಹೆಂಡತಿ ದೇವೀರಮ್ಮ ರತ್ನಮ್ಮನ ಮನೆಯಿಂದ ನಾಲ್ಕನೆಯ ಮನೆಯಲ್ಲೇ ಇದ್ದಾಳೆ. ಮೊದಲು ಇಬ್ಬರೂ ಒಂದೇ ತಟ್ಟೆಯಲ್ಲಿ ಅವರೆಕಾಯಿ ಸುಲಿದವರು. ಆಮೇಲೆ ಮಾತು ನಿಂತಿತು. ನಲ್ಲಿಯ ಹತ್ತಿರ ಒಬ್ಬಳು ಇದ್ದರೆ ಇನ್ನೊಬ್ಬಳು ಕೊಡ ಕೆಳಗಿಟ್ಟು ದೂರದಲ್ಲೇ ನಿಲ್ಲುತ್ತಿದ್ದಳು. ಊರಿನವರು ಯಾರನ್ನು ಸಮಾಧಾನ ಮಾಡುವುದು ಎಂದು ತಿಳಿಯದೆ ಇಬ್ಬರನ್ನೂ ಬಿಟ್ಟುಬಿಟ್ಟರು. ನಾನೂ ಬಿಟ್ಟವಳೇ.

ರತ್ನಮ್ಮ ನನ್ನ ಬಳಿ ಬಂದದ್ದು ಒಂದು ಖಾಲಿ ಇನ್ ಲ್ಯಾಂಡು ಹಿಡಿದುಕೊಂಡು. ಅವಳಿಗೆ ಓದು ಬರಹ ಇಲ್ಲ, ಎಮ್ಮೆ ಕಾದು ಬೆಳೆದವಳು. ಜೈಲಿಗೆ ಒಂದು ಸಲ ಹೋಗಿ ಗಂಡನನ್ನು ನೋಡಿದ್ದಳಂತೆ. ಆಗ ಅವನು ಜಾಲರಿಯ ಆಚೆ ನಿಂತು, ಇನ್ನು ಬರಬೇಡ ಎಂದನಂತೆ. "ನಂಜಣ್ಣ ಸತ್ತ ದಿನವೇ ನಾನೂ ಸತ್ತೆ ಅನ್ಕೊ" ಎಂದು ಹೇಳಿ ಒಳಗೆ ಹೋದವನು, ಆಮೇಲೆ ಅವಳು ಎರಡು ಸಲ ಬಸ್ಸು ಹತ್ತಿ ಹೋಗಿ ಹೊರಗೆ ಕೂತರೂ ಎದುರಿಗೆ ಬರಲಿಲ್ಲ.

"ಅವ್ರು ಜೈಲಿಂದ ಬರ್ಲಿ ಅಂತ ನಾನು ಕೇಳಾಕಿಲ್ಲ ಅಕ್ಕ. ಮಾಡಿರೋದು ಮಾಡವ್ರೆ. ಒಂದು ಸಲ ಮೊಕ ಕೊಟ್ಟು ಮಾತಾಡ್ಲಿ, ಅಷ್ಟೇ" ಎಂದಳು.

ಹೀಗೆ ಶುರುವಾಯಿತು ನನ್ನ ಎರಡನೆಯ ನೌಕರಿ. ತಿಂಗಳಿಗೆ ಎರಡು ಕಾಗದ, ಜೊತೆಗೆ ಓದಲು ಏನಾದರೂ. ಮೊದಲ ಸಲ ಪುಸ್ತಕದ ಗಂಟು ಹೊತ್ತು ನಾನೇ ಹೋಗಿದ್ದೆ. ಬಾಗಿಲಲ್ಲಿದ್ದ ಸಿಬ್ಬಂದಿ ಒಂದೊಂದನ್ನೂ ಬಿಡಿಸಿ ನೋಡಿ, ಪಿನ್ನುಗಳನ್ನು ಕಿತ್ತು ನನ್ನ ಅಂಗೈಗೆ ಹಾಕಿದರು. ಲೋಹ ಒಳಗೆ ಹೋಗುವ ಹಾಗಿಲ್ಲ, ದಪ್ಪ ರಟ್ಟು ಬೇಡ, ಪುಸ್ತಕದೊಳಗೆ ಏನೂ ಬರೆದಿರಬಾರದು, ಕಾಗದಗಳನ್ನು ನಾವು ಓದಿಯೇ ಕೊಡುವುದು ಎಂದು ಮರ್ಯಾದೆಯಾಗಿ ತಿಳಿಸಿದರು. ಕೊನೆಯ ಮಾತಿಗೆ ನನಗೆ ಕಿವಿ ಬಿಸಿಯಾಯಿತು. ಮೂವತ್ತೆರಡು ವರ್ಷ ಊರಿನ ಕಾಗದ ಓದಿದವಳ ಕಾಗದವನ್ನು ಈಗ ಬೇರೆಯವರು ಓದುತ್ತಾರೆ. ದೇವರಿಗೆ ಲೆಕ್ಕ ಗೊತ್ತಿದೆ ಎನ್ನಿಸಿತು.

ಓದುವವರಿದ್ದಾರೆ ಎಂದಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ರತ್ನಮ್ಮ ಹೇಳುವುದು ಒಂದಾದರೆ ನಾನು ಬರೆಯುವುದು ಇನ್ನೊಂದು. ಅವಳು 'ಹಸ ಕರ ಹಾಕದೆ' ಎಂದರೆ ನಾನು 'ಇತ್ತ ಎಲ್ಲವೂ ಕ್ಷೇಮ' ಎಂದು ಬರೆಯುತ್ತಿದ್ದೆ. ಅವಳು 'ನಿಮ್ಮ ಅಂಗಿ ಒಗ್ದು ಮಡಗಿವ್ನಿ' ಎಂದರೆ ನಾನು 'ಕಾಲವೇ ಎಲ್ಲ ಗಾಯಗಳಿಗೂ ಔಷಧಿ, ಮನಸ್ಸನ್ನು ಕುಗ್ಗಿಸಿಕೊಳ್ಳಬೇಡಿ' ಎಂದು ತಿದ್ದುತ್ತಿದ್ದೆ. ಪುಸ್ತಕಗಳೂ ಹಾಗೆಯೇ: ನೀತಿಕತೆಗಳು, ಮಹಾಪುರುಷರ ಜೀವನ, ಆತ್ಮಶಾಂತಿಗೆ ದಾರಿ. ಒಂದೂವರೆ ವರ್ಷ ಆತ್ಮಶಾಂತಿಯನ್ನು ಅಂಚೆಯಲ್ಲಿ ಕಳಿಸಿದೆ. ಒಂದು ಸಾಲು ಉತ್ತರ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಈಗಿನ ಹುಡುಗಿಯರು ಕೂಗಿಯೇ ಕರೆಯುತ್ತಾರೆ, ಕರೆಯಲಿ, ಕೇಳಲು ಚೆನ್ನಾಗಿಯೇ ಇರುತ್ತದೆ. ನಮ್ಮ ವಯಸ್ಸಿನವರಿಗೆ ಮಾತ್ರ ನಾಲಿಗೆ ಏಳುವುದಿಲ್ಲ. ನಮ್ಮ ಸೋದರತ್ತೆಯ ಗಂಡನ ಹೆಸರು ರಂಗಪ್ಪ. ಹಾಗಾಗಿ ಅತ್ತೆ ಸಾಯುವ ತನಕ ಶ್ರೀರಂಗಪಟ್ಟಣ ಎನ್ನಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದರೆ 'ಹೊಳೆ ಮಧ್ಯದ ಊರು' ಎನ್ನುವರು. ಒಬ್ಬ ಹೊಸ ಕಂಡಕ್ಟರು ತಿಳಿಯದೆ ಅವರನ್ನು ಮೈಸೂರಿನವರೆಗೂ ಕರೆದುಕೊಂಡು ಹೋಗಿದ್ದ. ನನ್ನ ಕತೆಯೂ ಹೆಚ್ಚುಕಡಿಮೆ ಇಷ್ಟೇ. ಊರಿನ ಮುನ್ನೂರು ಗಂಡಸರ ಹೆಸರನ್ನು ಜಗಲಿಯಿಂದ ಕೂಗಿ ಕರೆದಿದ್ದೇನೆ. ನಮ್ಮ ಯಜಮಾನರಿಗೆ ಮನಿಯಾರ್ಡರು ಬಂದ ದಿನ ಮಾತ್ರ ಎದ್ದು ಒಳಗೆ ಹೋಗಿ ಕೈಗೆ ಕೊಟ್ಟು ಬಂದೆ.

ನಮಗಿಂತ ಚಿಕ್ಕವಳಾದರೂ ರತ್ನಮ್ಮನೂ ಗಂಡನ ಹೆಸರು ಎತ್ತಿದವಳಲ್ಲ. ಅವಳ ಮಗಳು ಪುಟ್ಟಿ ಹುಟ್ಟುವ ಮೊದಲು ಅವನು 'ಅವ್ರು', ಹುಟ್ಟಿದ ಮೇಲೆ 'ಪುಟ್ಟಿ ಅಪ್ಪ'. ವಿಳಾಸ ಬರೆಯುವವಳು ನಾನಾದ್ದರಿಂದ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಕೈದಿಯ ನಂಬರು, ಹೆಸರು, ಎಲ್ಲ ನನಗೆ ಬಾಯಿಪಾಠ.

ತೊಂದರೆ ಆದದ್ದು ನನ್ನ ಕಣ್ಣಿನಿಂದ. ಪೊರೆ ತೆಗೆಸಿಕೊಂಡು ಕೆ.ಆರ್. ಪೇಟೆಯಲ್ಲಿ ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಇರಬೇಕಾಯಿತು. ಓದಬಾರದು, ಬರೆಯಬಾರದು, ಬಗ್ಗಬಾರದು. ಹೋಗುವ ಮೊದಲು ನಾಲ್ಕು ದೊಡ್ಡ ಕವರಿಗೆ ಬೇಕಾಗುವಷ್ಟು ಸ್ಟಾಂಪು ರತ್ನಮ್ಮನ ಕೈಗೆ ಕೊಟ್ಟು, ನಾನು ಬರುವ ತನಕ ಇರಲಿ ಎಂದಿದ್ದೆ. ಅವಳು ಒಂದು ತಿಂಗಳು ಕಾದಳು. ಆಮೇಲೆ ತಡೆಯಲಾರದೆ ಪುಟ್ಟಿಯ ಒಂದನೇ ಕ್ಲಾಸಿನ ಪುಸ್ತಕ ತೆಗೆದುಕೊಂಡು, ನಾನು ಮಾಡುವುದನ್ನು ನೋಡಿ ಕಲಿತಿದ್ದಳಲ್ಲ, ಪಿನ್ನು ಕಿತ್ತು, ಹೆಸರು ಬರೆದಿದ್ದ ರಟ್ಟನ್ನೂ ಕಿತ್ತು, ಕವರಿಗೆ ಹಾಕಿಕೊಂಡು ಪಾಂಡವಪುರದ ಸಂತೆಗೆ ಹೋದಳು. ಅಲ್ಲಿ ಜೆರಾಕ್ಸ್ ಅಂಗಡಿಯವನನ್ನು ಕಾಡಿ ಬೇಡಿ ಒಂದು ಕಾಗದ ಬರೆಸಿದಳು. ಅವನು ಬಿಡುವಿಲ್ಲದವನು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಗೀಚಿದ. ಕೊನೆಗೆ ಯಾರಿಗೆ ಎಂದು ಕೇಳಿದ. ಹೆಸರು ಬೇಕಮ್ಮ ಎಂದು ಎರಡು ಸಲ ಹೇಳಿದನಂತೆ. ಇವಳು, ನಾನು ಹೇಳಿದಷ್ಟು ಬರಿಯಪ್ಪ ಎಂದಳಂತೆ. ಅವನು ಬರೆದ: 'ಪುಟ್ಟಿ ಅಪ್ಪನಿಗೆ, ಜೈಲು, ಮೈಸೂರು.' ಇಂದ ಎನ್ನುವ ಕಡೆ: 'ಪುಟ್ಟಿ ಅವ್ವ.' ಇದ್ದಬದ್ದ ಸ್ಟಾಂಪನ್ನೆಲ್ಲ ಮುಖದ ತುಂಬ ಮೆತ್ತಿ ಡಬ್ಬಿಗೆ ಹಾಕಿ ಬಂದಳು.

ನಾನು ಊರಿಗೆ ಬಂದಮೇಲೆ ಈ ಸಾಹಸವನ್ನು ಹೆಮ್ಮೆಯಿಂದ ಹೇಳಿದಳು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಲ್ಲಿ ಸಾವಿರ ಜನ ಇರುತ್ತಾರೆ, ನಿನ್ನ ಪುಟ್ಟಿ ಯಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು, ಮಗುವಿನ ಪುಸ್ತಕವೂ ಹೋಯಿತು ಎಂದು ಬೈದೆ. ಅಂಚೆಯ ನಿಯಮಗಳನ್ನೆಲ್ಲ ಒಪ್ಪಿಸಿದೆ. ಅವಳು ಸೆರಗಿನ ತುದಿ ಹಿಡಿದು ಕೇಳಿಸಿಕೊಂಡಳು. ನನ್ನ ಅನುಭವದ ಪ್ರಕಾರ ಆ ಕವರು ಸೇರುವ ಸಾಧ್ಯತೆಯೇ ಇರಲಿಲ್ಲ.

ಇದಾದ ಇಪ್ಪತ್ತು ದಿನಕ್ಕೆ ನನ್ನ ವಿಳಾಸಕ್ಕೆ ಜೈಲಿನಿಂದ ಒಂದು ಕಾಗದ ಬಂತು. ಅಕ್ಷರ ಬೋರೇಗೌಡನದಲ್ಲ. ಬರೆದವನು ನಾಗಮಂಗಲದ ಕಡೆಯವನು, ಅವನ ಜೊತೆ ಇರುವ ಇನ್ನೊಬ್ಬ ಕೈದಿ. ಬೋರೇಗೌಡರಿಂದ ವಿಳಾಸ ಈಸಿಕೊಂಡು ಬರೆಯುತ್ತಿದ್ದೇನೆ, ಕವರು ಸೇರಿದ ವಿಷಯ ಮನೆಯವರಿಗೆ ತಿಳಿಸಬೇಕು ಎಂದು ಶುರುಮಾಡಿದ್ದ. ನಾನು ಜಗಲಿಯ ಮೇಲೆ ನಿಂತೇ ಓದಲು ಹಿಡಿದವಳು, ಅರ್ಧಕ್ಕೆ ಬರುವಷ್ಟರಲ್ಲಿ ಕೂತಿದ್ದೆ.

ಅಲ್ಲಿ ಆದದ್ದು ಹೀಗೆ. ಕಾಗದ ಹಂಚುವ ಅಧಿಕಾರಿ ಕವರನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲರೂ ಸೇರಿದ್ದಾಗ ಎತ್ತಿ ಹಿಡಿದು, ಪುಟ್ಟಿ ಅಪ್ಪ ಯಾರಪ್ಪ ಎಂದು ಕೇಳಿದರಂತೆ. ಏಳು ಜನ ಎದ್ದು ನಿಂತರಂತೆ.

ನಿಜ ತಾನೆ? ನಮ್ಮ ಕಡೆ ಪುಟ್ಟಿ ಇಲ್ಲದ ಮನೆ ಯಾವುದಿದೆ? ಶಾಲೆಯಲ್ಲಿ ಏನೇ ಹೆಸರಿರಲಿ, ಮನೆಯಲ್ಲಿ ಹೆಣ್ಣುಮಗು ಪುಟ್ಟಿಯೇ. ಅಧಿಕಾರಿ ಏನು ಮಾಡುವುದೆಂದು ತಿಳಿಯದೆ, ಕಾಗದ ಓದುತ್ತೇನೆ, ಯಾರದೆಂದು ನೀವೇ ಹೇಳಿ ಎಂದರಂತೆ. ಕೆಂದಹಸ ಕರ ಹಾಕದೆ, ಹೆಣ್ಗರ ಎಂದು ಓದಿದಾಗ ಇಬ್ಬರು ಕೂತರು, ಅವರ ಮನೆಯಲ್ಲಿ ಹಸು ಇರಲಿಲ್ಲ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದವೆ, ನಗು ಅಂದ್ರೆ ನಗಾಕಿಲ್ಲ ಎಂದಾಗ ಇನ್ನೂ ಮೂವರು ಕೂತರು, ಅವರ ಪುಟ್ಟಿಯರು ಹೈಸ್ಕೂಲು ದಾಟಿದ್ದರು. ಹಿತ್ತಲ ನುಗ್ಗೆ ಮರ ಗಾಳಿಗೆ ಮುರೀತು ಎಂದಾಗ ಆರನೆಯವನು ಕೂತ. ಏಳನೆಯವನು ಕಾಗದ ಬರೆದ ಈ ನಾಗಮಂಗಲದವನೇ. ಅವನು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ: 'ನನ್ನದಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಅಮ್ಮ. ನಮ್ಮ ಮನೆಯಲ್ಲಿ ನುಗ್ಗೆ ಮರ ಇಲ್ಲ. ಎಂಟು ವರ್ಷದಿಂದ ನನಗೆ ಕಾಗದ ಬಂದಿಲ್ಲ. ಕೂರೋಕೆ ಮನಸ್ಸು ಬರಲಿಲ್ಲ.'

ಕರಿಘಟ್ಟದ ಮೆಟ್ಟಿಲು ಹತ್ತಿ ಹೋಗಿದ್ದೆವು, ಪುಟ್ಟಿಯೇ ನಿಮ್ಮ ಹೆಸರು ಹೇಳಿ ಅರ್ಚನೆ ಮಾಡಿಸಿತು ಎನ್ನುವ ಸಾಲು ಬಂದಾಗ ಅವನೂ ಕೂತನಂತೆ. ಈಗ ನಿಂತವರು ಯಾರೂ ಇಲ್ಲ. ಅಧಿಕಾರಿ ಓದುವುದನ್ನು ನಿಲ್ಲಿಸಿ ಸುತ್ತ ನೋಡಿದರು. ಆಗ ಹಿಂದೆ ಗೋಡೆಯ ಹತ್ತಿರ, ಅದುವರೆಗೂ ಕೂತೇ ಇದ್ದ ಬೋರೇಗೌಡ ಎದ್ದು ನಿಂತನಂತೆ. ಒಂದೂವರೆ ವರ್ಷದಿಂದ ನಾನು ಕಳಿಸಿದ ಕಾಗದಗಳನ್ನೆಲ್ಲ ಅವನು ಮಡಿಕೆ ಬಿಚ್ಚಿಯೂ ನೋಡದೆ ಹಾಸಿಗೆಯ ಕೆಳಗೆ ಹಾಕಿಕೊಂಡಿದ್ದ. ಈ ಕಾಗದವನ್ನು ಕೇಳದೆ ಇರಲು ಅವನಿಗೆ ಆಗಲಿಲ್ಲ, ಯಾಕೆಂದರೆ ಅದನ್ನು ಊರಿಗೆ ಊರೇ ಎನ್ನುವಂತೆ ಎಲ್ಲರೂ ಕೇಳುತ್ತಿದ್ದರು.

ನಾನು ಈ ಜನ್ಮದಲ್ಲಿ ಎಷ್ಟು ಕಾಗದ ಮುಟ್ಟಿದ್ದೇನೋ ನನಗೇ ಗೊತ್ತಿಲ್ಲ. ಇಂಥದೊಂದು ಬಟವಾಡೆಯನ್ನು ಕಂಡಿಲ್ಲ, ಕೇಳಿಲ್ಲ. ನಂಬರಿಲ್ಲದೆ, ಹೆಸರಿಲ್ಲದೆ, ಒಂದು ಮಗುವಿನ ಬಿದ್ದ ಹಲ್ಲನ್ನೇ ಗುರುತಾಗಿ ಹಿಡಿದುಕೊಂಡು ಒಂದು ಕವರು ಸಾವಿರ ಜನರ ನಡುವೆ ತನ್ನ ಮನುಷ್ಯನನ್ನು ಹುಡುಕಿಕೊಂಡಿತ್ತು. ರತ್ನಮ್ಮನನ್ನು ಕರೆಸಿ ಓದಿ ಹೇಳಿದೆ. ಅವಳು ಏಳನೆಯವನ ವಿಷಯ ಬಂದಾಗ ಮಾತ್ರ ನನ್ನನ್ನು ತಡೆದು, "ಆ ಅಣ್ಣಂಗೂ ಒಂದು ಬರೀರಿ ಅಕ್ಕ, ಅವ್ರ ಮನೇಲಿ ಯಾವ ಮರ ಅದೆ ಅಂತ ಕೇಳಿ" ಎಂದಳು.

ಅವತ್ತಿನಿಂದ ನಾನು ಕಾಗದ ತಿದ್ದುವುದನ್ನು ಬಿಟ್ಟೆ. ಹಸ ಎಂದರೆ ಹಸ, ಮಡಗಿವ್ನಿ ಎಂದರೆ ಮಡಗಿವ್ನಿ. ವ್ಯಾಕರಣ ಕಲಿತ ಕೈ ಮೊದಲು ಒಂದಿಷ್ಟು ದಿನ ಹಠ ಮಾಡಿತು, ಆಮೇಲೆ ಒಗ್ಗಿತು. ಬೋರೇಗೌಡ ಇನ್ನೂ ತಾನಾಗಿ ಬರೆಯುತ್ತಿರಲಿಲ್ಲ. ಸುದ್ದಿಯೆಲ್ಲ ನಾಗಮಂಗಲದವನಿಂದಲೇ. ಪುಟ್ಟಿಯ ಪುಸ್ತಕವನ್ನು ಬೋರೇಗೌಡ ದಿನಾ ಗಟ್ಟಿಯಾಗಿ ಓದುತ್ತಾನಂತೆ. ನಾಲ್ಕನೆಯ ಕ್ಲಾಸಿಗೆ ಬಿಟ್ಟ ಓದು, ತಡವರಿಸುತ್ತ ಓದುತ್ತಾನೆ. ಉಳಿದ ಪುಟ್ಟಿಯರ ಅಪ್ಪಂದಿರು ಸುತ್ತ ಕೂರುತ್ತಾರೆ. ಒಂದು ಪುಟದಲ್ಲಿ ಪುಟ್ಟಿ ಸೂರ್ಯನಿಗೆ ಹಸಿರು ಬಣ್ಣ ತುಂಬಿದ್ದಾಳಲ್ಲ, ಅದು ಯಾಕಿರಬಹುದು ಎಂದು ಒಂದು ಸಂಜೆಯೆಲ್ಲ ಚರ್ಚೆ ಆಯಿತಂತೆ. ಹಳದಿ ಬಳಪ ಮುಗಿದಿರಬೇಕು ಎಂದು ಒಬ್ಬ, ಇಲ್ಲ ಕಬ್ಬಿನ ಗದ್ದೆಯೊಳಗಿಂದ ನೋಡಿದರೆ ಸೂರ್ಯ ಹಾಗೇ ಕಾಣುವುದು ಎಂದು ಇನ್ನೊಬ್ಬ. ತಮ್ಮ ಮಕ್ಕಳು ಒಂದನೇ ಕ್ಲಾಸಿನಲ್ಲಿದ್ದಾಗ ಆ ಗಂಡಸರು ಯಾರೂ ಇಷ್ಟು ಹೊತ್ತು ಅವರ ಪುಸ್ತಕ ನೋಡಿರಲಾರರು.

ಮೆಲ್ಲಗೆ ನನಗೆ ಬೇಡಿಕೆಗಳು ಬರತೊಡಗಿದವು. ನೀತಿಕತೆ ಯಾರೂ ಕೇಳಲಿಲ್ಲ. ಒಬ್ಬನಿಗೆ ಪಂಚಾಂಗ ಬೇಕಿತ್ತು, ಹಳೆಯದಾದರೂ ಸರಿ, ಅವನು ಒಳಗೆ ಬಂದ ವರ್ಷದ್ದಾದರೆ ಇನ್ನೂ ಒಳ್ಳೆಯದು. ಒಬ್ಬನಿಗೆ ಅಡುಗೆ ಪುಸ್ತಕ. ಒಬ್ಬ ಮದುವೆಯ ಕರೆಯೋಲೆಗಳನ್ನು ಕೇಳಿದ, ಯಾರ ಮದುವೆಯದಾದರೂ ಆಗಬಹುದು, ಕೆಳಗೆ ನೆಂಟರ ಹೆಸರು ಉದ್ದಕ್ಕೆ ಹಾಕಿರಬೇಕು ಅಷ್ಟೇ. ಎಲ್ಲಕ್ಕಿಂತ ನನ್ನನ್ನು ಅಲ್ಲಾಡಿಸಿದವನು ಕೆ.ಆರ್. ಪೇಟೆ ಕಡೆಯವನೊಬ್ಬ. ಅವನು ಕೇಳಿದ್ದು ಬಸ್ಸಿನ ವೇಳಾಪಟ್ಟಿ. ನಾನು ಬಸ್ ನಿಲ್ದಾಣಕ್ಕೆ ಹೋಗಿ, ಗೋಡೆಯ ಮೇಲಿದ್ದದ್ದನ್ನು ನಿಂತು ಬರೆದುಕೊಂಡು ಬಂದು ಕಳಿಸಿದೆ. ಅವನು ದಿನಾ ಮೈಸೂರಿನಿಂದ ಬಸ್ಸು ಹತ್ತಿ, ಒಂದೊಂದು ನಿಲ್ದಾಣದ ಹೆಸರಿನ ಮೇಲೂ ಬೆರಳಿಟ್ಟು, ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ಯೋಚಿಸುತ್ತ, ತನ್ನೂರಿನ ಗೇಟಿನಲ್ಲಿ ಇಳಿಯುತ್ತಾನಂತೆ. ಓದುವುದು ಎಂದರೆ ಏನು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಯಾವ ಮಹಾಗ್ರಂಥವನ್ನೂ ನಾನು ಹಾಗೆ ಓದಿಲ್ಲ.

ಕಳೆದ ವರ್ಷ ಸಂಕ್ರಾಂತಿಯಾದ ಮೇಲೆ ನಾಗಮಂಗಲದವನ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು: 'ಬೋರೇಗೌಡರು ಬರುವ ಸೋಮವಾರ ಬೇಕಾದರೆ ಬರಲಿ ಅಂತ ಹೇಳಿದ್ದಾರೆ.' ರತ್ನಮ್ಮನಿಗೆ ಆ ಸಾಲನ್ನು ಮೂರು ಸಲ ಓದಿದೆ. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಿಕೊಂಡಳು.

ಆ ಸೋಮವಾರ ಬೆಳಗ್ಗೆ ನಾವಿಬ್ಬರೂ ಹೊರಟೆವು. ಅವಳು ಬರುವುದು ತಡವಾಯಿತು, ಮೊದಲ ಬಸ್ಸು ತಪ್ಪಿತು. ಕಾಲಿಗೆ ಕೆಸರು ಹಾಗೇ ಇತ್ತು. ಇವತ್ತೂ ಗದ್ದೆ ಕೆಲಸ ಬೇಕಿತ್ತೇನೇ ಎಂದು ನಾನು ರೇಗಿದೆ. ನಿಲ್ದಾಣದ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಅವನು ಮತ್ತೆ ಎದ್ದು ಹೋಗಿಬಿಟ್ಟರೆ ಏನು ಮಾಡುವುದು ಎನ್ನುವುದೊಂದೇ ಯೋಚನೆ ನನಗೂ.

ಜೈಲಿನಲ್ಲಿ ಕಾಗದಪತ್ರ ನಾನು ತುಂಬಿಕೊಟ್ಟೆ. ಒಳಗೆ ಕರೆದರು. ಜಾಲರಿಯ ಆಚೆ ಒಬ್ಬ ಮನುಷ್ಯ ಬಂದು ನಿಂತ. ನನಗೆ ಗುರುತು ಸಿಗಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. ರತ್ನಮ್ಮ ಜಾಲರಿಯ ಹತ್ತಿರ ಹೋದಳು. ಅಕ್ಕಪಕ್ಕದಲ್ಲೆಲ್ಲ ಜನ ಒಬ್ಬರ ಮೇಲೊಬ್ಬರು ಕೂಗಿ ಮಾತಾಡುತ್ತಿದ್ದರು. ಇವರಿಬ್ಬರೇ ಸುಮ್ಮನೆ ನಿಂತಿದ್ದರು. ಸಮಯ ಕಳೆಯುತ್ತಿತ್ತು. ಪುಟ್ಟಿಯ ವಿಷಯವಾದರೂ ಹೇಳೇ ಎಂದು ನಾನು ಹಿಂದಿನಿಂದ ಅವಳ ಬೆನ್ನು ಮುಟ್ಟಿದೆ. ಅವಳು ಅವನನ್ನೇ ನೋಡುತ್ತಿದ್ದಳು.

ಕೊನೆಗೆ ಬೋರೇಗೌಡನೇ ಬಾಯಿ ತೆರೆದ. ಮಗಳನ್ನು ಕೇಳಲಿಲ್ಲ, ಹಸುವನ್ನು ಕೇಳಲಿಲ್ಲ.

"ಕೆಳಗಿನ ಗದ್ದೆಗೆ ನೀರು ಓಯ್ತದಾ?" ಎಂದ.

ರತ್ನಮ್ಮನ ಭುಜ ಸಡಿಲವಾದದ್ದು ನನಗೆ ಹಿಂದಿನಿಂದಲೇ ಕಾಣಿಸಿತು.

"ಓಯ್ತದೆ. ಪ್ರತಿ ಸರದೀಲೂ ಮೊದ್ಲು ಅವ್ರ್ದು, ಆಮ್ಯಾಕೆ ನಮ್ದು. ಇವತ್ತೂ ಮಡೆ ತಿರುಗಿಸ್ಬುಟ್ಟೇ ಬಂದೆ."

"ದೇವೀರಮ್ಮ?"

"ನೋಡ್ತಾರೆ. ಏನೂ ಅನ್ನಾಕಿಲ್ಲ."

ಬೋರೇಗೌಡ ಹಣೆಯನ್ನು ಜಾಲರಿಗೆ ಇಟ್ಟು ನಿಂತ. ಸಮಯ ಮುಗಿಯಿತು ಎಂದು ಕರೆಯುವ ತನಕ ಹಾಗೇ ಇದ್ದ. ಹೋಗುವಾಗ, ಮುಂದಿನ ತಿಂಗಳು ಪುಟ್ಟಿಯನ್ನು ಕರೆದುಕೊಂಡು ಬಾ ಎಂದ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ಅವಳ ಕಾಗದ ಬರೆದವಳು ನಾನು. ಅವಳ ಮನೆಯ ಕರು, ಮರ, ಹಲ್ಲು, ಅಂಗಿ, ಎಲ್ಲ ನನ್ನ ಕೈಯ ಮೇಲೇ ಹಾದುಹೋಗಿತ್ತು. ತನ್ನ ಕಬ್ಬು ಒಣಗುತ್ತಿದ್ದರೂ ಅವಳು ಮಡೆ ತಿರುಗಿಸಿ ಕೆಳಗಿನ ಗದ್ದೆಗೆ ಮೊದಲು ನೀರು ಬಿಡುತ್ತಿದ್ದಾಳೆ ಎನ್ನುವುದನ್ನು ಒಂದು ಸಲವೂ ಬರೆಸಿರಲಿಲ್ಲ. ಇದೊಂದು ಮಾತು ಬರೆಸಿದ್ದರೆ ಅವನು ಯಾವತ್ತೋ ಮನಸ್ಸು ಕರಗಿ ಬರುತ್ತಿದ್ದನಲ್ಲೇ, ಯಾಕೆ ಬಚ್ಚಿಟ್ಟೆ ಎಂದು ಕೇಳಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬರುತ್ತಿದ್ದ ಬಸ್ಸನ್ನು ನೋಡುತ್ತ ಹೇಳಿದಳು: "ನಾನಾಗಿ ಏಳ್ಬಾರ್ದು ಕಣಕ್ಕ ಅದ್ನ. ಅವ್ರೇ ಕೇಳ್ಬೇಕಿತ್ತು. ಕೇಳ್ದೇ ಓಗ್ಬುಟ್ರೆ ಏನ್ ಮಾಡದು ಅಂತ ಎರಡು ವರ್ಷ ಬಯ ಆಗಿತ್ತು ನಂಗೆ."